ಹಿಟ್ಲರ್ ಕೆಲಸ ಕೊಟ್ಟ ಎನ್ನುವವರು ಸಂಬಳದ ಚೀಟಿಯನ್ನೂ ಓದಲಿ

ಸಂಪಾದಕರಿಗೆ,

ಮಾನ್ಯರೇ,

ಪ್ರೌಢಶಾಲೆಯ ಸಮಾಜ ವಿಜ್ಞಾನದಲ್ಲಿ ಎರಡು ಮಹಾಯುದ್ಧಗಳ ಪಾಠ ಬರುವ ಹೊತ್ತಿಗೆ ಪ್ರತಿವರ್ಷವೂ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ಚರ್ಚಾ ಸ್ಪರ್ಧೆಯ ವೇದಿಕೆಯಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ, ಒಮ್ಮೊಮ್ಮೆ ಪತ್ರಿಕೆಗಳ ವಾಚಕರ ವಿಭಾಗದಲ್ಲೂ. ಹಿಟ್ಲರ್ ಯೆಹೂದಿಗಳ ಪಾಲಿಗೆ ಕೆಟ್ಟವನಿರಬಹುದು, ತನ್ನ ಜನಕ್ಕೆ ಮಾತ್ರ ಒಳ್ಳೆಯದನ್ನೇ ಮಾಡಿದ. ಅರುವತ್ತು ಲಕ್ಷ ಮಂದಿಗೆ ಕೆಲಸ ಕೊಟ್ಟ, ರಸ್ತೆ ಹಾಕಿಸಿದ, ಬಡವನಿಗೂ ಕಾರು ಕೊಟ್ಟ ಎಂಬ ಮಾತು ಅದು. ಇದರಲ್ಲಿ ಮೊದಲನೆಯ ತಪ್ಪು 'ತನ್ನ ಜನ' ಎಂಬಲ್ಲೇ ಇದೆ. 1933ರಲ್ಲಿ ಜರ್ಮನಿಯಲ್ಲಿದ್ದ ಸುಮಾರು 5 ಲಕ್ಷ ಯೆಹೂದಿಗಳು ಆ ದೇಶದ ಶಾಲೆಯಲ್ಲಿ ಕಲಿತವರು, ಅದರ ಸೈನ್ಯದಲ್ಲಿ ಹೋರಾಡಿದವರು, ಅದೇ ಭಾಷೆಯನ್ನು ಮನೆಮಾತಾಗಿ ಆಡಿದವರು. ಜನಸಂಖ್ಯೆಯಲ್ಲಿ ನೂರಕ್ಕೆ ಒಬ್ಬರೂ ಇರಲಿಲ್ಲ. ಎರಡನೆಯ ತಪ್ಪು ಉಳಿದ ತೊಂಬತ್ತೊಂಬತ್ತು ಮಂದಿಯ ಲೆಕ್ಕದಲ್ಲಿದೆ. ಈ ಪತ್ರ ಮುಖ್ಯವಾಗಿ ಅದರ ಬಗ್ಗೆ.

ಕೆಲಸದ ವಿಚಾರವನ್ನೇ ಮೊದಲು ತೆಗೆದುಕೊಳ್ಳೋಣ. 1933ರ ಜನವರಿ 30ರಂದು ಹಿಟ್ಲರ್ ಚಾನ್ಸಲರ್ ಆದಾಗ ನಿರುದ್ಯೋಗಿಗಳು 60 ಲಕ್ಷದ ಹತ್ತಿರ ಇದ್ದರು. 1937ರಲ್ಲಿ ಆ ಸಂಖ್ಯೆ 10 ಲಕ್ಷಕ್ಕಿಂತ ಕೆಳಗಿಳಿಯಿತು. ಇದು ಸುಳ್ಳಲ್ಲ. ಆದರೆ ಇಳಿದ ಬಗೆಯನ್ನು ನೋಡಬೇಕು. ಕೆಲಸ ಕಳಕೊಂಡ ಯೆಹೂದಿ ನೌಕರರನ್ನು, ವಿರೋಧ ಪಕ್ಷದವರೆಂದು ಹೊರಹಾಕಿದ ಸರ್ಕಾರಿ ನೌಕರರನ್ನು ನಿರುದ್ಯೋಗಿಗಳ ಪಟ್ಟಿಗೆ ಸೇರಿಸಲೇ ಇಲ್ಲ. 1933ರ ಜೂನ್‌ನಲ್ಲಿ ಬಂದ ಮದುವೆ ಸಾಲದ ಯೋಜನೆ ಹೆಂಗಸರನ್ನು ಪಟ್ಟಿಯಿಂದ ಇಳಿಸಿತು. ಸಾಲ 1,000 ಮಾರ್ಕ್‌ವರೆಗೆ ಸಿಗುತ್ತಿತ್ತು, ಕೈಗೆ ನಗದಾಗಿ ಅಲ್ಲ, ಮೇಜು, ಮಂಚ, ಪಾತ್ರೆಪಗಡ ಕೊಳ್ಳುವ ಚೀಟಿಗಳಾಗಿ. ಹುಡುಗಿ ಇದ್ದ ಕೆಲಸ ಬಿಡಬೇಕು, ಅದೇ ಷರತ್ತು. ತಿಂಗಳಿಗೆ ನೂರಕ್ಕೆ ಒಂದರಂತೆ ಮರುಪಾವತಿ. ಒಂದು ಮಗು ಹುಟ್ಟಿದರೆ ಸಾಲದ ಕಾಲುಭಾಗ ಮನ್ನಾ, ನಾಲ್ಕನೆಯ ಮಗುವಿಗೆ ಸಾಲವೇ ಮುಗಿಯಿತು. ಶಸ್ತ್ರಾಸ್ತ್ರ ಕಾರ್ಖಾನೆಗಳಿಗೆ ಆಳು ಸಾಲದಾದಾಗ, 1937ರಲ್ಲಿ, ಅದೇ ಸರ್ಕಾರ ಕೆಲಸ ಬಿಡುವ ಷರತ್ತನ್ನು ಸದ್ದಿಲ್ಲದೆ ತೆಗೆದುಹಾಕಿತು. ಹೆಣ್ಣಿನ ಜಾಗ ಅಡುಗೆಮನೆ ಎಂಬ ತತ್ವ ಕಾರ್ಖಾನೆಯ ಅಗತ್ಯಕ್ಕೆ ತಕ್ಕಂತೆ ಬಾಗಿತು.

ಗಂಡಸರಿಗೆ 1935ರ ಮಾರ್ಚ್‌ನಲ್ಲಿ ಕಡ್ಡಾಯ ಸೈನಿಕ ಸೇವೆ ಬಂತು, ಮೊದಲು ಒಂದು ವರ್ಷ, ಮರುವರ್ಷದಿಂದ ಎರಡು. ಅದೇ ಜೂನ್‌ನಲ್ಲಿ 18ರಿಂದ 25 ವಯಸ್ಸಿನವರಿಗೆ ಆರು ತಿಂಗಳ ಕಡ್ಡಾಯ ಶ್ರಮಸೇವೆ: ಶಿಬಿರದಲ್ಲಿ ವಾಸ, ಹಾರೆ ಹಿಡಿದು ಕವಾಯತು, ಜೇಬುಖರ್ಚಿಗೆ ಚಿಲ್ಲರೆ ಕಾಸು. ಇವರೆಲ್ಲ ಲೆಕ್ಕದಲ್ಲಿ 'ಕೆಲಸದಲ್ಲಿರುವವರು'. ಆಟೋಬಾನ್ ಎಂಬ ಹೆದ್ದಾರಿಯ ಕೀರ್ತಿಯೂ ಹೆಸರಿನಷ್ಟು ದೊಡ್ಡದಲ್ಲ. ಕಲೋನ್ ಮತ್ತು ಬಾನ್ ನಡುವಿನ ಅಂಥ ಮೊದಲ ರಸ್ತೆಯನ್ನು ಕಲೋನಿನ ಮೇಯರ್ ಕೊನ್ರಾಡ್ ಆಡೆನೌವರ್ ಉದ್ಘಾಟಿಸಿದ್ದು 1932ರ ಆಗಸ್ಟ್‌ನಲ್ಲಿ, ಹಿಟ್ಲರ್ ಬರುವ ಮೊದಲೇ. ಹಿಟ್ಲರ್ ಗುದ್ದಲಿಪೂಜೆ ಮಾಡಿದ ಮೇಲೆ, ಕೆಲಸ ಅತ್ಯಂತ ಬಿರುಸಾಗಿದ್ದ 1936ರಲ್ಲೂ, ರಸ್ತೆಯ ಮೇಲೆ ನೇರವಾಗಿ ದುಡಿದವರು ಸುಮಾರು ಒಂದೂಕಾಲು ಲಕ್ಷ. ಅರುವತ್ತು ಲಕ್ಷದ ಎದುರಿಗೆ ಇದೆಷ್ಟು?

ದೊಡ್ಡ ಪಾಲು ಕೆಲಸ ಬಂದದ್ದು ಬಂದೂಕು, ಟ್ಯಾಂಕು, ವಿಮಾನದ ಕಾರ್ಖಾನೆಗಳಿಂದ. ಅದಕ್ಕೆ ಹಣ? ಮೆಫೊ ಎಂಬ, ಕಾಗದದ ಮೇಲಷ್ಟೇ ಇದ್ದ ಕಂಪನಿಯೊಂದನ್ನು ಹುಟ್ಟಿಸಿದರು. ಅದರ ಬಂಡವಾಳ 10 ಲಕ್ಷ ಮಾರ್ಕ್. ಅದರ ಹೆಸರಿನಲ್ಲಿ ಕಾರ್ಖಾನೆಗಳಿಗೆ ಹುಂಡಿ ಬರೆದುಕೊಡುವುದು, ದೇಶದ ಕೇಂದ್ರ ಬ್ಯಾಂಕಾದ ರೈಖ್ಸ್‌ಬ್ಯಾಂಕ್ ಅವುಗಳಿಗೆ ಖಾತ್ರಿ ನಿಲ್ಲುವುದು, ವಾಯಿದೆ ಬಂದಾಗ ಮುಂದೂಡುವುದು. 1938ರ ಹೊತ್ತಿಗೆ ಇಂಥ ಹುಂಡಿಗಳು 1,200 ಕೋಟಿ ಮಾರ್ಕ್‌ನಷ್ಟಾಗಿದ್ದವು. ಬಜೆಟ್ಟಿನಲ್ಲಿ ಕಾಣದ ಈ ಸಾಲವನ್ನು ತೀರಿಸುವ ದಾರಿ ಸರ್ಕಾರಕ್ಕೆ ಒಂದೇ ಹೊಳೆದದ್ದು: ನೆರೆಯ ದೇಶಗಳ ಲೂಟಿ. ಕೆಲಸ ಸಿಕ್ಕಿತು ಎನ್ನುವಾಗ ಯಾವುದರ ಕೆಲಸ ಎಂಬುದನ್ನೂ ಸೇರಿಸಿ ಹೇಳಬೇಕು.

ಈಗ ಆ ಕಾರ್ಮಿಕನ ಸಂಬಳದ ಚೀಟಿಗೆ ಬನ್ನಿ. 1933ರ ಮೇ 1ರಂದು ಸರ್ಕಾರ ಕಾರ್ಮಿಕರಿಗೆ ಸಂಬಳ ಸಹಿತ ರಜೆ ಕೊಟ್ಟು ಭಾರೀ ಮೆರವಣಿಗೆ ಮಾಡಿಸಿತು. ಮರುದಿನ ಬೆಳಿಗ್ಗೆ ದೇಶದಾದ್ಯಂತ ಕಾರ್ಮಿಕ ಸಂಘಗಳ ಕಛೇರಿಗಳಿಗೆ ನುಗ್ಗಿ ಬೀಗ ಹಾಕಿ, ಮುಖಂಡರನ್ನು ಹಿಡಿದೊಯ್ದರು, ಸಂಘದ ನಿಧಿಯನ್ನೂ ವಶಪಡಿಸಿಕೊಂಡರು. ಬೀಡಿ ಕಾರ್ಮಿಕರ, ನೇಕಾರರ ಸಂಘಟನೆ ಕಟ್ಟಿದ ನಮ್ಮ ಕಾಸರಗೋಡು ಸೀಮೆಯ ಓದುಗರಿಗೆ ಈ ಎರಡು ದಿನಗಳ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಸಂಘಗಳ ಜಾಗಕ್ಕೆ ಬಂದದ್ದು ಮಾಲೀಕರೂ ಕಾರ್ಮಿಕರೂ ಒಟ್ಟಿಗಿರುವ 'ಜರ್ಮನ್ ಶ್ರಮ ರಂಗ'. ಅದರ ಚಂದಾ ಸಂಬಳದಿಂದಲೇ ಕಡಿತ. ಕೂಲಿ ಹೆಚ್ಚಿಸಿ ಎಂದು ಕೇಳುವ ಅಧಿಕಾರ ಮಾತ್ರ ಅದಕ್ಕಿಲ್ಲ. ಕೂಲಿ ನಿಗದಿಯನ್ನು ಸರ್ಕಾರ ನೇಮಿಸಿದ 'ಶ್ರಮದ ಧರ್ಮದರ್ಶಿ'ಗಳಿಗೆ ಒಪ್ಪಿಸಿದರು. ಅವರು ಗಂಟೆಯ ಕೂಲಿದರವನ್ನು ಆರ್ಥಿಕ ಕುಸಿತದ ತಳದಲ್ಲಿ, ಅಂದರೆ 1932-33ರಲ್ಲಿ, ಎಲ್ಲಿತ್ತೋ ಅಲ್ಲೇ ನಿಲ್ಲಿಸಿದರು. ಮನೆಗೆ ಬರುವ ಹಣ ಹೆಚ್ಚಿದ್ದು ದರ ಏರಿದ್ದರಿಂದಲ್ಲ, ಗಂಟೆ ಹೆಚ್ಚಿದ್ದರಿಂದ: 1933ರಲ್ಲಿ ವಾರಕ್ಕೆ ಸರಾಸರಿ 43 ಗಂಟೆಯಷ್ಟಿದ್ದ ದುಡಿಮೆ 1939ರಲ್ಲಿ 47 ಗಂಟೆಗೆ ಬಂತು. ನಿರುದ್ಯೋಗವೇ ಇಲ್ಲ ಎಂದು ಸಾರಿದ ಮೇಲೂ ನಿರುದ್ಯೋಗ ವಿಮೆಯ ವಂತಿಗೆ ನೂರಕ್ಕೆ ಆರೂವರೆಯಂತೆ ಕಡಿತವಾಗುತ್ತಲೇ ಇತ್ತು, ಕಾರ್ಮಿಕನ ಪಾಲು ಅರ್ಧ, ಮಾಲೀಕನದು ಅರ್ಧ.

1935ರ ಫೆಬ್ರವರಿಯಲ್ಲಿ ಬಂದ ಶ್ರಮಪುಸ್ತಕವನ್ನು ಮಕ್ಕಳಿಗೆ ತಪ್ಪದೆ ವಿವರಿಸಬೇಕು. ಅಂಗೈಯಗಲದ ಒಂದು ಪುಸ್ತಕ. ಹೆಸರು, ಕಲಿತ ಕಸುಬು, ಎಲ್ಲೆಲ್ಲಿ ಎಷ್ಟು ಕಾಲ ದುಡಿದ ಎಂಬ ವಿವರ. ಪುಸ್ತಕ ಇರುವುದು ಕಾರ್ಮಿಕನ ಹೆಸರಿನಲ್ಲಿ, ಇಟ್ಟುಕೊಳ್ಳುವುದು ಮಾಲೀಕ. ಪುಸ್ತಕವಿಲ್ಲದೆ ಬೇರೆಡೆ ಕೆಲಸಕ್ಕೆ ಸೇರಿಸಿಕೊಳ್ಳುವಂತಿಲ್ಲ. ಅದರ ಇನ್ನೊಂದು ಪ್ರತಿ ಉದ್ಯೋಗ ಕಛೇರಿಯ ಕಪಾಟಿನಲ್ಲಿ. ಹೀಗಾಗಿ ಯಾವ ಊರಿನಲ್ಲಿ ಎಷ್ಟು ಮಂದಿ ಬಡಗಿಗಳಿದ್ದಾರೆ, ಎಷ್ಟು ಮಂದಿ ಲೇತ್ ಕೆಲಸ ಬಲ್ಲವರು ಎಂಬುದು ಸರ್ಕಾರಕ್ಕೆ ಬೆರಳ ತುದಿಯಲ್ಲಿ. 1938ರ ಜೂನ್‌ನಲ್ಲಿ ಪಶ್ಚಿಮ ಗಡಿಯ ಕೋಟೆಸಾಲು ಕಟ್ಟಲು ಆಳು ಬೇಕಾದಾಗ ಕಡ್ಡಾಯ ಸೇವೆಯ ಆದೇಶ ಹೊರಟಿತು. ಕಪಾಟು ತೆರೆದು ಹೆಸರು ಹೆಕ್ಕುವುದಷ್ಟೇ ಬಾಕಿ ಇತ್ತು. ಕಾನೂನು ಬಂದು ಮೂರು ವರ್ಷವಾದ ಮೇಲೆ ಕಾರ್ಮಿಕನಿಗೆ ಅದರ ಉಪಯೋಗ ಏನೆಂದು ಗೊತ್ತಾಯಿತು.

ಇನ್ನು ಕಾರು. 1938ರ ಆಗಸ್ಟ್ 1ರಂದು ಉಳಿತಾಯ ಯೋಜನೆ ಶುರುವಾಯಿತು. ಬೆಲೆ 990 ಮಾರ್ಕ್. ವಾರಕ್ಕೆ 5 ಮಾರ್ಕ್‌ನ ಒಂದು ಸ್ಟ್ಯಾಂಪು ಕೊಂಡು ಕಾರ್ಡಿಗೆ ಅಂಟಿಸಬೇಕು. ವಿಮೆಗೆ ಇನ್ನೂ 200 ಮಾರ್ಕ್ ಪ್ರತ್ಯೇಕ. ಕಟ್ಟಿದ ಹಣಕ್ಕೆ ಬಡ್ಡಿ ಇಲ್ಲ, ಒಪ್ಪಂದ ರದ್ದು ಮಾಡುವಂತಿಲ್ಲ, ಇನ್ನೊಬ್ಬರಿಗೆ ಮಾರುವಂತಿಲ್ಲ. ಸುಮಾರು 3 ಲಕ್ಷದ 36 ಸಾವಿರ ಜನ ಕಾರ್ಡು ಮಾಡಿಸಿದರು. ಕಾರು ಸಿಕ್ಕಿದ್ದು ಒಬ್ಬರಿಗೂ ಇಲ್ಲ. ಕಾರ್ಖಾನೆ ಯುದ್ಧಕಾಲದಲ್ಲಿ ಸೈನ್ಯದ ವಾಹನಗಳನ್ನು ತಯಾರಿಸಿತು. ಉಳಿತಾಯಗಾರರು ಯುದ್ಧ ಮುಗಿದ ಮೇಲೆ ವರ್ಷಗಟ್ಟಲೆ ಕೋರ್ಟು ಹತ್ತಿ ಇಳಿದು, 1961ರಲ್ಲಿ ರಾಜಿಯಾಗಿ, ಹೊಸ ಕಾರು ಕೊಳ್ಳುವುದಿದ್ದರೆ 600 ಮಾರ್ಕ್‌ವರೆಗೆ ರಿಯಾಯಿತಿ, ಬೇಡವಾದರೆ 100 ಮಾರ್ಕ್ ನಗದು ಪಡೆದರು. ಚರ್ಚಾ ಸ್ಪರ್ಧೆಯಲ್ಲಿ ಬಡವನಿಗೆ ಕಾರು ಕೊಟ್ಟ ಎಂದು ಹೇಳುವ ಮಗುವಿಗೆ ಯಾರೂ ಈ ಸಂಗತಿ ತಿಳಿಸಿರುವುದಿಲ್ಲ, ತಪ್ಪು ಮಗುವಿನದಲ್ಲ.

ನಿಜವಾಗಿ ಮನೆಗೆ ಬಂದ ವಸ್ತು ರೇಡಿಯೊ. 1933ರ ಆಗಸ್ಟ್‌ನಲ್ಲಿ 76 ಮಾರ್ಕ್‌ಗೆ 'ಜನರ ರೇಡಿಯೊ' ಹೊರಬಂತು, ಮಾದರಿ ಸಂಖ್ಯೆ 301. ಜನವರಿ 30 ಎಂಬುದೇ ಆ ಸಂಖ್ಯೆ. 1938ರಲ್ಲಿ ಬಂದ ಸಣ್ಣ ಮಾದರಿಗೆ 35 ಮಾರ್ಕ್ ಸಾಕಿತ್ತು. ದೂರದ ನಿಲ್ದಾಣಗಳನ್ನು ಸಲೀಸಾಗಿ ಹಿಡಿಯುವ ಶಕ್ತಿ ಇವಕ್ಕಿರಲಿಲ್ಲ, ರಾತ್ರಿ ಹೊತ್ತು ಒಳ್ಳೆಯ ಏರಿಯಲ್ ಕಟ್ಟಿದರೆ ಹಿಡಿಯುತ್ತಿತ್ತು. 1939ರ ಸೆಪ್ಟೆಂಬರ್ 1ರಿಂದ ಹೊರದೇಶದ ನಿಲ್ದಾಣ ಕೇಳುವುದೇ ಅಪರಾಧವಾಯಿತು. ಕೇಳಿದ್ದಕ್ಕೆ ಜೈಲು, ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳಿದರೆ ಮರಣದಂಡನೆಯವರೆಗೆ ಶಿಕ್ಷೆ. ರೇಡಿಯೊದ ತಿರುಗುಗುಂಡಿಗೆ ಈ ಎಚ್ಚರಿಕೆ ಅಚ್ಚಾದ ರಟ್ಟಿನ ಚೀಟಿಯನ್ನು ಸಿಕ್ಕಿಸಿದರು. ಪ್ರತಿ ಸಲ ಗುಂಡಿ ತಿರುಗಿಸುವಾಗ ಬೆರಳಿಗೆ ಅದು ತಾಗಬೇಕು. ಹೊದಿಕೆ ಹೊದ್ದು ಬಿಬಿಸಿಯ ಜರ್ಮನ್ ವಾರ್ತೆ ಕೇಳಿದ ಮನೆಗಳು ಆದರೂ ಇದ್ದವು. ಅಂಥ ಮನೆಯಲ್ಲಿ ಭಯ ಪೊಲೀಸರಿಗಿಂತ ಹೆಚ್ಚಾಗಿ ಪಕ್ಕದ ಗೋಡೆಯದು, ಶಾಲೆಗೆ ಹೋಗುವ ತಮ್ಮದೇ ಮಗುವಿನದು.

ಪೊಲೀಸರಿಗಿಂತ ಗೋಡೆಯ ಭಯ ಎಂದದ್ದು ಅಲಂಕಾರಕ್ಕಲ್ಲ. ಗೆಸ್ಟಾಪೊ, ಅಂದರೆ ನಾಝಿ ಗುಪ್ತ ಪೊಲೀಸ್ ಪಡೆ, ಎಂದರೆ ಬೀದಿಗೊಬ್ಬ ಗುಪ್ತಚರ ಎಂದು ಸಿನಿಮಾ ನೋಡಿದವರು ಭಾವಿಸುತ್ತಾರೆ. ವ್ಯುರ್ಟ್ಸ್‌ಬುರ್ಗ್ ಸುತ್ತಲಿನ ಲೋವರ್ ಫ್ರಾಂಕೋನಿಯ ಪ್ರಾಂತ್ಯದಲ್ಲಿ 8 ಲಕ್ಷಕ್ಕೂ ಹೆಚ್ಚು ಜನರಿಗೆ ಇದ್ದ ಗೆಸ್ಟಾಪೊ ಅಧಿಕಾರಿಗಳು 30 ಮಂದಿಯೂ ಅಲ್ಲ. ಆ ಜನಸಂಖ್ಯೆ ನಮ್ಮ ಇಡೀ ಜಿಲ್ಲೆಯ ಜನಸಂಖ್ಯೆಯ ಸುಮಾರು ಮೂರರಲ್ಲಿ ಎರಡು ಪಾಲು. ಅಷ್ಟಕ್ಕೂ ಇಪ್ಪತ್ತೆಂಟು-ಮೂವತ್ತು ಜನ ಎಂದುಕೊಳ್ಳಿ. ಅವರಿಗೆ ಕೆಲಸ ಕೊಟ್ಟದ್ದು ಜನರೇ ಬರೆದ ದೂರುಗಳು. ಬಾಡಿಗೆ ಜಗಳ, ಬೇಲಿಯ ತಕರಾರು, ಬಿಟ್ಟುಹೋದ ಹೆಂಡತಿಯ ಮೇಲಿನ ಸಿಟ್ಟು, ಅಂಗಡಿಯ ಪೈಪೋಟಿ, ಎಲ್ಲವೂ ರಾಜದ್ರೋಹದ ದೂರಾಗಿ ಹೋಗಬಹುದಾಗಿತ್ತು. 1934ರ ಡಿಸೆಂಬರ್‌ನಲ್ಲಿ ಬಂದ ಕಾನೂನಿನಂತೆ ಸರ್ಕಾರದ ಬಗ್ಗೆ, ಪಕ್ಷದ ಬಗ್ಗೆ ಕುಹಕ ಮಾತಾಡುವುದೂ ಅಪರಾಧ. ಹೆಂಡದಂಗಡಿಯಲ್ಲಿ ಆಡಿದ ಒಂದು ನಗೆಮಾತು ವಿಶೇಷ ನ್ಯಾಯಾಲಯದ ಮುಂದೆ ಹೋಯಿತು. ಅಲ್ಲಿ ಮೇಲ್ಮನವಿ ಇಲ್ಲ.

ಇದರ ಕೆಳಗಿನ ಮೆಟ್ಟಿಲು ಬ್ಲಾಕಿನ ಮುಖಂಡ. ಪಕ್ಷದ ಈ ಅತಿ ಸಣ್ಣ ಪದಾಧಿಕಾರಿಗೆ 40ರಿಂದ 60 ಮನೆಗಳ ಉಸ್ತುವಾರಿ. ಪ್ರತಿ ಮನೆಗೆ ಒಂದು ಕಾರ್ಡು: ಯಾರಿದ್ದಾರೆ, ಯಾವ ಪತ್ರಿಕೆ ತರಿಸುತ್ತಾರೆ, ಹಬ್ಬದ ದಿನ ಸ್ವಸ್ತಿಕ ಬಾವುಟ ಹಾರಿಸಿದರೇ, ಚಂದಾ ಎಷ್ಟು ಕೊಟ್ಟರು. ಚಂದಾ ಎತ್ತುವ ದೊಡ್ಡ ಸಂದರ್ಭ 1933ರ ಅಕ್ಟೋಬರ್‌ನಲ್ಲಿ ಶುರುವಾದ 'ಒಂದೇ ಪಾತ್ರೆಯ ಭಾನುವಾರ'. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ತಿಂಗಳಿಗೊಂದು ಭಾನುವಾರ, ಹುರಿದ ಮಾಂಸದ ಊಟದ ಬದಲು ಬಟಾಟೆ, ಬೇಳೆ, ಎಲೆಕೋಸು ಹಾಕಿದ ಒಂದೇ ಪಾತ್ರೆಯ ಸಾರು. ತಲೆಗೆ 50 ಫೆನಿಗ್, ಅಂದರೆ ಅರ್ಧ ಮಾರ್ಕ್, ದಾಟಬಾರದು. ಐವರಿದ್ದ ಮನೆಯಲ್ಲಿ ಎರಡೂವರೆ ಮಾರ್ಕ್‌ಗೆ ಅಡುಗೆ ಮುಗಿಸಿ, ಉಳಿದ ಹಣವನ್ನು ಬಾಗಿಲಿಗೆ ಬರುವವರ ಡಬ್ಬಿಗೆ ಚಳಿಗಾಲದ ಪರಿಹಾರ ನಿಧಿಯೆಂದು ಹಾಕಬೇಕು. ಹೋಟೆಲುಗಳೂ ಆ ದಿನ ಅದನ್ನೇ ಬಡಿಸಬೇಕು. ಬಡವರಿಗೆ ಸಹಾಯ ಅಂದರೆ ಯಾರು ಬೇಡವೆಂದಾರು? ಆದರೆ ಡಬ್ಬಿ ಹಿಡಿದು ಬಂದವರ ಕೈಯಲ್ಲಿ ಹೆಸರಿನ ಪಟ್ಟಿಯೂ ಇತ್ತು. ಕೊಟ್ಟವರ ಬಾಗಿಲಿಗೆ ಅಂಟಿಸಲು ತಿಂಗಳಿಗೊಂದು ಚೀಟಿ ಸಿಗುತ್ತಿತ್ತು, ಚೀಟಿ ಇಲ್ಲದ ಬಾಗಿಲು ಬೀದಿಗೆಲ್ಲ ಕಾಣುತ್ತಿತ್ತು. ದಾನ ಎಂಬ ಶಬ್ದ ಉಳಿಯಿತು, ಅದರೊಳಗಿನ ಇಷ್ಟ ಹೊರಟುಹೋಯಿತು.

ಅಡಿಕೆ, ತೆಂಗಿನ ನಮ್ಮ ನಾಡಿಗೆ ಹತ್ತಿರವಾದ ಇನ್ನೊಂದು ಕಾನೂನು 1933ರ ಸೆಪ್ಟೆಂಬರ್ 29ರ ವಂಶಪಾರಂಪರ್ಯ ಜಮೀನು ಕಾನೂನು. ಏಳೂವರೆ ಹೆಕ್ಟೇರಿನಿಂದ 125 ಹೆಕ್ಟೇರ್‌ವರೆಗಿನ, ಅಂದರೆ ಹದಿನೆಂಟೂವರೆ ಎಕರೆಯಿಂದ ಮುನ್ನೂರೊಂಬತ್ತು ಎಕರೆಯವರೆಗಿನ ರೈತನ ಭೂಮಿಯನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ, ಪಾಲು ಮಾಡುವಂತಿಲ್ಲ. ಸಾಲಗಾರರ ಕಾಟ ತಪ್ಪಿತೆಂದು ಮೊದಲು ರೈತರು ಸಂತೋಷಪಟ್ಟರು. ಆಮೇಲೆ ಬ್ಯಾಂಕು ಸಾಲವನ್ನೇ ನಿಲ್ಲಿಸಿತು, ಅಡವಿಗೆ ಬಾರದ ಭೂಮಿಯ ಮೇಲೆ ಯಾರು ಹಣ ಕೊಡುತ್ತಾರೆ? ಯಂತ್ರ ಕೊಳ್ಳುವುದಕ್ಕೂ, ಕೊಟ್ಟಿಗೆ ರಿಪೇರಿಗೂ ತತ್ವಾರ. ಜಮೀನು ಒಬ್ಬ ಗಂಡುಮಗನಿಗೆ; ಉಳಿದ ಮಕ್ಕಳು ಬರಿಗೈ. ಗಂಡುಮಕ್ಕಳಿಲ್ಲದಿದ್ದರೆ ಸತ್ತವನ ತಂದೆ, ತಂದೆ ಇಲ್ಲದಿದ್ದರೆ ಅಣ್ಣತಮ್ಮಂದಿರು, ಅವರೂ ಇಲ್ಲದಿದ್ದರೆ ಆಮೇಲೆ ಮಗಳು. ತಾಯಿಯ ಕಡೆಯಿಂದ ಆಸ್ತಿ ಇಳಿದು ಬಂದ ಅಳಿಯಸಂತಾನದ ಮನೆತನಗಳಿರುವ ನಮ್ಮಲ್ಲಿ ಇದನ್ನು ಓದಿದರೆ, ಕಾನೂನಿನ ಒಂದು ಸಾಲು ಒಂದು ಮನೆಯ ಹೆಣ್ಣುಮಕ್ಕಳನ್ನು ಎಲ್ಲಿಗೆ ತಳ್ಳಬಹುದೆಂದು ಬೇಗ ಗೊತ್ತಾಗುತ್ತದೆ. ಇಷ್ಟಾಗಿ, 'ರೈತ' ಎಂಬ ಹೆಸರು ಸಿಗಬೇಕಾದರೂ 1800ರ ಜನವರಿ 1ರವರೆಗಿನ ಪೂರ್ವಜರಲ್ಲಿ ಯೆಹೂದಿಗಳಿರಲಿಲ್ಲವೆಂದು ತೋರಿಸಬೇಕು.

ಆ ತೋರಿಸುವ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸರ್ಕಾರಿ ನೌಕರ, ವಕೀಲ, ವೈದ್ಯ, ಅಧ್ಯಾಪಕ, ಯಾರೇ ಆಗಲಿ ಹತ್ತು ಕಾಗದ ಒದಗಿಸಬೇಕು: ತನ್ನದು, ತಂದೆತಾಯಿಯರದು, ಅಜ್ಜ-ಅಜ್ಜಿಯರು ನಾಲ್ವರದು ಹೀಗೆ ಏಳು ಜನನ ಅಥವಾ ದೀಕ್ಷಾಸ್ನಾನದ ಪ್ರಮಾಣಪತ್ರ, ತಂದೆತಾಯಿಯರದು, ಎರಡೂ ಕಡೆಯ ಅಜ್ಜ-ಅಜ್ಜಿಯರದು ಎಂದು ಮೂರು ವಿವಾಹ ಪ್ರಮಾಣಪತ್ರ. ಜರ್ಮನಿಯಾದ್ಯಂತ ಸರ್ಕಾರಿ ಜನನ ನೋಂದಣಿ ಬಂದದ್ದು 1876ರಲ್ಲಿ. ಅದಕ್ಕಿಂತ ಹಿಂದಿನ ದಾಖಲೆ ಇರುವುದು ಹೆಚ್ಚಾಗಿ ಚರ್ಚಿನ ಪುಸ್ತಕಗಳಲ್ಲಿ. ಹಾಗಾಗಿ ಅಜ್ಜಿ ಹುಟ್ಟಿದ ಊರಿನ ಪಾದ್ರಿಗೆ ಬರೆದು, ಶುಲ್ಕ ಕಳಿಸಿ, ನಕಲು ತರಿಸಬೇಕು. ಹಳ್ಳಿಯ ಪಾದ್ರಿಗಳು ರಾತ್ರಿಯೆಲ್ಲ ಕೂತು ನಕಲು ಬರೆದರು. ಪುಸ್ತಕದಲ್ಲಿ ಅಜ್ಜನಿಗೆ ಕೂಸಾಗಿದ್ದಾಗ ಅಲ್ಲ, ಇಪ್ಪತ್ತೈದನೆಯ ವಯಸ್ಸಿನಲ್ಲಿ ದೀಕ್ಷಾಸ್ನಾನವಾಗಿದೆ ಎಂದು ಕಂಡರೆ ಪ್ರಶ್ನೆ ಏಳುತ್ತಿತ್ತು: ಅದಕ್ಕೆ ಮೊದಲು ಯಾವ ಮತ? ಮೊಮ್ಮಗ ಎಂದೂ ಯೆಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗ್‌ನ ಮೆಟ್ಟಿಲು ಹತ್ತಿದವನಲ್ಲ, ಅಜ್ಜನ ಮೊದಲ ಮತದ ಬಗ್ಗೆ ಕೇಳಿದವನೂ ಅಲ್ಲ. ಆ ಒಂದು ತಾರೀಕಿನಿಂದ ಅವನು 'ಮಿಶ್ರ ರಕ್ತದವ'ನಾದ. ಮಾತೃಭಾಷೆ ಯಾವುದೆಂದು, ಯಾವ ಮಾಧ್ಯಮದಲ್ಲಿ ಓದಿದೆವೆಂದು ಅರ್ಜಿಗಳಲ್ಲಿ ಬರೆಯುತ್ತಲೇ ಬಂದ ಭಾಷಾ ಅಲ್ಪಸಂಖ್ಯಾತರು ನಾವು. ನಮ್ಮ ಅರ್ಜಿ ಹಕ್ಕು ಕೇಳಲಿಕ್ಕೆ ಇರುವಂಥದ್ದು, ಅಲ್ಲಿನದು ಹಕ್ಕು ಕಸಿಯಲಿಕ್ಕೆ ಇದ್ದದ್ದು. ಎರಡನ್ನೂ ಒಂದೆನ್ನುವುದು ತಪ್ಪು. ಆದರೂ ಒಂದು ಖಾನೆಯಲ್ಲಿ ಬರೆದ ಒಂದು ಶಬ್ದಕ್ಕೆ ಎಷ್ಟು ತೂಕ ಎಂಬುದು ನಮಗೆ ಅರ್ಥವಾಗುವ ಸಂಗತಿ.

ಶಾಲೆಯ ವಿಷಯ ಬರೆಯುವಾಗ ಅಧ್ಯಾಪಕರಾದ ನಮಗೆ ಹೆಚ್ಚು ನೋವಾಗುತ್ತದೆ, ಏಕೆಂದರೆ ಅಲ್ಲಿನ ಅಧ್ಯಾಪಕರಲ್ಲಿ ಹೆಚ್ಚುಕಡಿಮೆ ಎಲ್ಲರೂ ಪಕ್ಷದ ಅಧ್ಯಾಪಕ ಸಂಘ ಸೇರಿದರು. ಜೀವಶಾಸ್ತ್ರದಲ್ಲಿ ಜನಾಂಗ ಪಾಠ ಬಂತು, ಆಟೋಟದ ಅವಧಿ ಹೆಚ್ಚಿತು. ಲೆಕ್ಕದ ಪುಸ್ತಕದಲ್ಲಿ ಮಾನಸಿಕ ರೋಗಿಗಳನ್ನು ನೋಡಿಕೊಳ್ಳುವ ಆಸ್ಪತ್ರೆಗೆ ಇಷ್ಟು ಖರ್ಚು, ಆ ಹಣದಲ್ಲಿ ಎಷ್ಟು ಮನೆ ಕಟ್ಟಬಹುದು ಎಂಬಂಥ ಸಮಸ್ಯೆಗಳು ಬಂದವು. ಭಾಗಾಕಾರ ಕಲಿಯುವ ಮಗು ಜೊತೆಗೇ ಇನ್ನೇನನ್ನೋ ಕಲಿಯಿತು. 1936ರ ಡಿಸೆಂಬರ್‌ನ ಕಾನೂನು ಹಿಟ್ಲರ್ ಯುವದಳವನ್ನು ಮನೆ ಮತ್ತು ಶಾಲೆಯ ಸಾಲಿಗೆ ತಂದಿತು. 1939ರ ಮಾರ್ಚ್‌ನಿಂದ ಹತ್ತು ವರ್ಷದ ಮಗುವಿನಿಂದ ಹದಿನೆಂಟರವರೆಗೆ ಅದು ಕಡ್ಡಾಯ. ಬುಧವಾರ ಸಂಜೆ ಸಭೆ, ವಾರಾಂತ್ಯಕ್ಕೆ ಕವಾಯತು. ಹೆಣ್ಣುಮಕ್ಕಳಿಗೆ ಪ್ರತ್ಯೇಕ ದಳ. ತಾಯಂದಿರಿಗೆ ನಾಲ್ಕು ಮಕ್ಕಳಾದರೆ ಕಂಚಿನ ಪದಕ, ಆರಕ್ಕೆ ಬೆಳ್ಳಿ, ಎಂಟಕ್ಕೆ ಚಿನ್ನದ್ದು.

ಆ ಲೆಕ್ಕದ ಪುಸ್ತಕದ ಉತ್ತರ ಮುಂದೆ ಎಲ್ಲಿ ಸಿಕ್ಕಿತು ಎಂದು ತಿಳಿಯಲು ನಮಗೆ ಪರಿಚಿತವಾದ ಸೀಮೆಗೇ ಹೋಗಬಹುದು. ಕಿಟೆಲ್‌ರ ಕನ್ನಡ ನಿಘಂಟನ್ನೂ ಗುಂಡರ್ಟ್‌ರ ಮಲಯಾಳ ನಿಘಂಟನ್ನೂ ಒಂದೇ ಕಪಾಟಿನಲ್ಲಿ ಇಡುವ ಜಿಲ್ಲೆ ನಮ್ಮದು. ಗುಂಡರ್ಟ್ ಹುಟ್ಟಿದ್ದು ಸ್ಟುಟ್‌ಗಾರ್ಟ್‌ನಲ್ಲಿ. ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್‌ನಲ್ಲಿ. ಎರಡೂ ವ್ಯುರ್ಟೆಂಬರ್ಗ್ ಸೀಮೆಯ ಊರುಗಳು. ಅದೇ ಸೀಮೆಯ ಬೆಟ್ಟದ ಮೇಲೆ ಗ್ರಾಫೆನೆಕ್ ಎಂಬ ಹಳೆಯ ಅರಮನೆ, ವಿಕಲಾಂಗರನ್ನು ಚರ್ಚಿನವರು ಸಾಕುತ್ತಿದ್ದ ಜಾಗ. ಅದನ್ನು ಸರ್ಕಾರ ವಶಪಡಿಸಿಕೊಂಡು 1940ರ ಜನವರಿಯಿಂದ ಡಿಸೆಂಬರ್‌ವರೆಗೆ 10,654 ಜನರನ್ನು ವಿಷಾನಿಲದಿಂದ ಕೊಂದಿತು. ಸತ್ತವರು ಆಸುಪಾಸಿನ ಮನೆಗಳ ಬುದ್ಧಿಮಾಂದ್ಯ ಮಕ್ಕಳು, ಮೂರ್ಛೆರೋಗಿಗಳು, ಮನೋರೋಗಿಗಳು, ಅಂದರೆ 'ತನ್ನ ಜನ'ವೇ. ಬೂದುಬಣ್ಣದ ಬಸ್ಸು ಆಸ್ಪತ್ರೆಗೆ ಬಂದು ಕರೆದೊಯ್ಯುತ್ತಿತ್ತು. ಕೆಲವು ವಾರಗಳಲ್ಲಿ ಮನೆಗೆ ಕಾಗದ: ಇಂಥ ಕಾಯಿಲೆಯಿಂದ ತೀರಿಕೊಂಡರು, ಸೋಂಕಿನ ಭಯದಿಂದ ದಹನ ಮಾಡಲಾಗಿದೆ, ಬೂದಿಯ ಕರಂಡ ಬೇಕಾದರೆ ತಿಳಿಸಿ. ಸಾವಿನ ಕಾರಣವನ್ನು ಒಂದು ಪಟ್ಟಿಯಿಂದ ಆರಿಸಿ ಬರೆಯುತ್ತಿದ್ದ ಕಾರಣ ತಪ್ಪುಗಳಾದವು. ಅಪೆಂಡಿಕ್ಸ್ ಎಂದೋ ತೆಗೆಸಿದ್ದವರು ಅಪೆಂಡಿಕ್ಸ್ ಉರಿಯೂತದಿಂದ ಸತ್ತರೆಂದು ಕಾಗದ ಬಂತು. ಒಬ್ಬರಿಗೆ ಎರಡು ಕರಂಡ ಬಂದದ್ದೂ ಉಂಟು. ಸಂಪಾದಕರೇ, ಜನರಿಗೆ ಅನುಮಾನ ಬಂದದ್ದು ಪತ್ರಿಕೆಗಳ ಮರಣವಾರ್ತೆಯಿಂದಲೂ ಹೌದು: ಬೇರೆಬೇರೆ ಊರಿನವರ ಸಾವು, ಸತ್ತ ಸ್ಥಳ ಮಾತ್ರ ಮತ್ತೆಮತ್ತೆ ಗ್ರಾಫೆನೆಕ್, ಹಾರ್ಟ್‌ಹೈಮ್, ಸೊನ್ನೆನ್‌ಸ್ಟೈನ್. ಪತ್ರಕರ್ತರನ್ನು ಸರ್ಕಾರದ ಹಿಡಿತಕ್ಕೆ ತಂದ 1933ರ ಅಕ್ಟೋಬರ್‌ನ ಸಂಪಾದಕರ ಕಾನೂನು ಬಂದ ಮೇಲೆ ಪತ್ರಿಕೆಗಳಲ್ಲಿ ನಿಜ ಸುದ್ದಿ ಬರೆಯಲು ಬೇರೆ ಜಾಗವೇ ಉಳಿದಿರಲಿಲ್ಲ; ಮನೆಯವರೇ ದುಡ್ಡುಕೊಟ್ಟು ಹಾಕಿಸಿದ ಆ ಸಣ್ಣ ಅಕ್ಷರದ ಚೌಕದೊಳಗೆ ಅದು ನುಸುಳಿತು. ವ್ಯುರ್ಟೆಂಬರ್ಗ್‌ನ ಬಿಷಪ್ ವುರ್ಮ್ 1940ರ ಜುಲೈಯಲ್ಲಿ ಗೃಹಮಂತ್ರಿಗೆ ಪ್ರತಿಭಟನೆಯ ಪತ್ರ ಬರೆದರು. ಮ್ಯೂನ್‌ಸ್ಟರ್‌ನ ಬಿಷಪ್ ಗಾಲೆನ್ 1941ರ ಆಗಸ್ಟ್ 3ರಂದು ಪ್ರವಚನದಲ್ಲೇ ಇದನ್ನು ಕೊಲೆ ಎಂದು ಕರೆದರು. ಅದೇ ತಿಂಗಳು ವಿಷಾನಿಲದ ಕೇಂದ್ರಗಳನ್ನು ನಿಲ್ಲಿಸುವ ಆದೇಶವಾಯಿತು. ಅಷ್ಟರಲ್ಲಿ 70 ಸಾವಿರಕ್ಕೂ ಹೆಚ್ಚು ಮಂದಿ ಹೋಗಿದ್ದರು. ಆಮೇಲೂ ಹಸಿವಿನಿಂದ, ಔಷಧದ ಹೆಚ್ಚುವರಿ ಡೋಸಿನಿಂದ ಕೊಲ್ಲುವುದು ಆಸ್ಪತ್ರೆಗಳಲ್ಲಿ ಮುಂದುವರಿಯಿತು.

ಈ ಪ್ರತಿಭಟನೆಯನ್ನು ನಾವು ಒತ್ತಿ ಹೇಳುವುದಕ್ಕೆ ಕಾರಣವಿದೆ. ಯೆಹೂದಿ ನೆರೆಯವರಿಗಾಗಿ ಇಂಥ ಒಂದು ದನಿ ಬಿಷಪರ ಪೀಠದಿಂದ ಏಳಲಿಲ್ಲ. 1938ರ ನವೆಂಬರ್ 9ರ ರಾತ್ರಿ ದೇಶದಾದ್ಯಂತ ಸಿನಗಾಗ್‌ಗಳಿಗೆ ಬೆಂಕಿ ಇಟ್ಟಾಗ ಟ್ಯೂಬಿಂಗನ್‌ನ ಸಿನಗಾಗ್ ಕೂಡ ಸುಟ್ಟುಹೋಯಿತು. ದೇಶದಲ್ಲಿ ಸುಮಾರು 30 ಸಾವಿರ ಯೆಹೂದಿ ಗಂಡಸರನ್ನು ಶಿಬಿರಗಳಿಗೆ ಅಟ್ಟಿ, ನಾಶನಷ್ಟಕ್ಕೆ ಯೆಹೂದಿಗಳೇ 100 ಕೋಟಿ ಮಾರ್ಕ್ ದಂಡ ಕಟ್ಟಬೇಕೆಂದರು. ಯುದ್ಧಕಾಲದಲ್ಲಿ ಗಡೀಪಾರಾದವರ ಮನೆಯ ಸೋಫಾ, ಹೊಲಿಗೆ ಯಂತ್ರ, ಹಾಸಿಗೆ ಬಟ್ಟೆ ಹ್ಯಾಂಬರ್ಗ್‌ನಂಥ ಊರುಗಳಲ್ಲಿ ಬಹಿರಂಗ ಹರಾಜಾದವು. ಕೊಂಡವರು ಪಕ್ಷದ ನಾಯಕರಲ್ಲ, ಮಾಮೂಲು ಮನೆಗಳ ಹೆಂಗಸರು, ಗಂಡಸರು. ಕೆಲವು ವಸ್ತುಗಳ ಮೇಲೆ ಹೆಸರಿನ ಕಸೂತಿ ಹಾಗೆಯೇ ಇತ್ತು.

ಯುದ್ಧದ ಊಟದ ಲೆಕ್ಕವನ್ನು ಚುಟುಕಾಗಿ ಹೇಳುತ್ತೇವೆ, ರೇಷನ್ ಅಂಗಡಿಯ ಸಾಲು ಗೊತ್ತಿರುವವರಿಗೆ ಇದು ಸಾಕು. ರೇಷನ್ ಕಾರ್ಡು ಹಂಚಿದ್ದು 1939ರ ಆಗಸ್ಟ್ ಕೊನೆಯಲ್ಲಿ, ಪೋಲೆಂಡಿನ ಮೇಲೆ ದಾಳಿ ಮಾಡುವ ಮೊದಲೇ. ಮಾಂಸಕ್ಕೆ ನೀಲಿ, ಎಣ್ಣೆ-ಬೆಣ್ಣೆಗೆ ಹಳದಿ, ಮೊಟ್ಟೆಗೆ ಹಸಿರು. ಬಟ್ಟೆಗೆ ನವೆಂಬರ್‌ನಿಂದ ವರ್ಷಕ್ಕೆ 100 ಅಂಕ, ಗಂಡಸಿನ ಒಂದು ಸೂಟಿಗೆ 60 ಹೋಯಿತೆಂದರೆ ಉಳಿದದ್ದರಲ್ಲಿ ಅಂಗಿ, ಕಾಲುಚೀಲ. ಕಾಫಿ ಬದಲು ಹುರಿದ ಬಾರ್ಲಿಯ ಪುಡಿ. ಆದರೂ ಜರ್ಮನರು ಮೊದಲನೆಯ ಮಹಾಯುದ್ಧದಂತೆ ಹಸಿಯಲಿಲ್ಲ. ಅದಕ್ಕೆ ಕಾರಣ ಉಕ್ರೇನ್, ಪೋಲೆಂಡ್, ಫ್ರಾನ್ಸ್‌ಗಳ ಧಾನ್ಯ, ದನ, ಬೆಣ್ಣೆ ಜರ್ಮನಿಗೆ ಬಂದು, ಅಲ್ಲಿ ಜನ ಹಸಿದರು ಎಂಬುದು. ಹೊಲಕ್ಕೆ, ಕಾರ್ಖಾನೆಗೆ ಹಿಡಿದು ತಂದ ಪರದೇಶದ ಆಳುಗಳು 1944ರ ಬೇಸಿಗೆಯಲ್ಲಿ 76 ಲಕ್ಷದಷ್ಟಿದ್ದರು. ಪೋಲೆಂಡಿನವರ ಎದೆಗೆ 'ಪಿ' ಅಕ್ಷರದ ಬಟ್ಟೆ ಹೊಲಿಸಿ, ಯಜಮಾನನ ಮನೆಯವರೊಂದಿಗೆ ಒಂದೇ ಮೇಜಿಗೆ ಕೂತು ಉಣ್ಣಕೂಡದೆಂದು ಅಪ್ಪಣೆ ಮಾಡಿದರು. ಬೆಳಗ್ಗಿನಿಂದ ಜೊತೆಗೆ ಗೆಯ್ದವನಿಗೆ ಬೇರೆ ಮೇಜು ಹಾಕಲು ಮನಸ್ಸು ಬಾರದೆ ಸಿಕ್ಕಿಬಿದ್ದ ರೈತರಿದ್ದಾರೆ. ನೋಡಿ ದೂರು ಬರೆದ ನೆರೆಮನೆಯವರೂ ಇದ್ದಾರೆ.

ಪರೀಕ್ಷೆಯ ಹೊತ್ತಿಗೆ ಪತ್ರಿಕೆಗಳು ವಿದ್ಯಾರ್ಥಿಗಳಿಗಾಗಿ ಮಾದರಿ ಉತ್ತರ ಪ್ರಕಟಿಸುವುದು ಒಳ್ಳೆಯ ಕ್ರಮ. 'ನಾಝಿ ಆಡಳಿತದ ಪರಿಣಾಮಗಳು' ಎಂಬಲ್ಲಿ ನಿರುದ್ಯೋಗ ನಿವಾರಣೆ ಎಂದು ಒಂದೇ ಸಾಲು ಹಾಕುವ ಬದಲು ಶ್ರಮಪುಸ್ತಕ, ಮುಚ್ಚಿದ ಸಂಘಗಳು, ನಿಂತ ಕೂಲಿದರ ಇವನ್ನೂ ಅದೇ ಸಾಲಿನಲ್ಲಿ ಸೇರಿಸಬೇಕೆಂದು ಕೋರುತ್ತೇವೆ. ಅಧ್ಯಾಪಕ ಮಿತ್ರರಿಗೂ ಒಂದು ಸೂಚನೆ, ಒಂದು ಪೀರಿಯಡ್ ಸಾಕು. ವಾರಕ್ಕೆ 30 ಮಾರ್ಕ್ ದುಡಿಯುವ ಒಬ್ಬ ಕಾರ್ಮಿಕನನ್ನು ಕರಿಹಲಗೆಯ ಮೇಲೆ ನಿಲ್ಲಿಸಿ. ಅದರಲ್ಲಿ ಕಾರಿನ 5 ಮಾರ್ಕ್ ಸ್ಟ್ಯಾಂಪು, ರೇಡಿಯೊದ ತಿಂಗಳ 2 ಮಾರ್ಕ್ ಶುಲ್ಕ, ಶ್ರಮ ರಂಗದ ಚಂದಾ, ವಿಮೆಯ ಪಾಲು, ಭಾನುವಾರದ ಡಬ್ಬಿ ಒಂದೊಂದಾಗಿ ಕಳೆಯಲು ಹೇಳಿ. ಆಮೇಲೆ 990ನ್ನು 5ರಿಂದ ಭಾಗಿಸಲಿ: 198 ವಾರ. 1938ರ ಆಗಸ್ಟ್ 1ರಿಂದ ಒಂದು ವಾರವೂ ತಪ್ಪದೆ ಎಣಿಸಿದರೆ ಕೊನೆಯ ಸ್ಟ್ಯಾಂಪು ಅಂಟಿಸುವುದು 1942ರ ಮೇ ತಿಂಗಳಲ್ಲಿ. ಅದಕ್ಕೆ ಒಂದು ತಿಂಗಳ ಹಿಂದಷ್ಟೇ, ಏಪ್ರಿಲ್‌ನಲ್ಲಿ, ವಾರದ ರೊಟ್ಟಿಯ ರೇಷನ್ 2,250 ಗ್ರಾಂನಿಂದ 2,000 ಗ್ರಾಂಗೂ ಮಾಂಸ 400ರಿಂದ 300 ಗ್ರಾಂಗೂ ಇಳಿದಿತ್ತು, ಸ್ಟ್ಯಾಂಪು ಅಂಟಿಸಿದವನು ಬಹುಶಃ ರಷ್ಯದ ಯುದ್ಧರಂಗದಲ್ಲಿದ್ದ.

ಇತಿ,
ಸಮಾಜ ವಿಜ್ಞಾನ ಕಲಿಸುವ ಕೆಲವು ಕನ್ನಡ ಮಾಧ್ಯಮ ಅಧ್ಯಾಪಕರು,
ಕುಂಬಳೆ–ಬದಿಯಡ್ಕ, ಕಾಸರಗೋಡು ಜಿಲ್ಲೆ